ಉಮಿಯ ಬೂದಿ, ಮನೆಯ ಗಾರೆ



ಭತ್ತದ ಗದ್ದೆಯಲ್ಲಿ ಕಳೆ ಕಿತ್ತವರಿಗೆಲ್ಲ ಇದು ಗೊತ್ತು. ಭತ್ತದ ಗರಿ ನೋಡಲು ಮೆತ್ತಗೆ ಇರುತ್ತೆ. ಆದರೆ ಅದರ ಅಂಚು ಸವರಿದರೆ ಚರ್ಮ ಕುಯ್ಯುತ್ತೆ. ಸಂಜೆ ಕೈ ತೊಳೆದಾಗ ಚುರುಚುರು ಅನ್ನುತ್ತೆ. ಹಸಿರು ಎಲೆಗೆ ಈ ಹರಿತ ಎಲ್ಲಿಂದ ಬಂತು?

ನೆಲದಿಂದ ಬಂತು. ಪೈರು ಬೇರಿನಿಂದ ನೀರು ಹೀರುತ್ತದೆ. ಆ ನೀರಿನಲ್ಲಿ ಮರಳಿನ ಸಾರವೂ ಸ್ವಲ್ಪ ಕರಗಿರುತ್ತದೆ. ಈ ಸಾರಕ್ಕೆ ಸಿಲಿಕಾ ಎಂದು ಹೆಸರು. ಮರಳಿನಲ್ಲಿ, ಗಾಜಿನಲ್ಲಿ, ಬೆಣಚು ಕಲ್ಲಿನಲ್ಲಿ ಇರುವುದು ಇದೇ. ಪೈರು ಇದನ್ನು ಎಲೆಯಲ್ಲಿ ಇಟ್ಟುಕೊಳ್ಳುತ್ತದೆ. ಕಾಳಿನ ಮೇಲಿನ ಹೊದಿಕೆಯಲ್ಲಿ ಇನ್ನೂ ಹೆಚ್ಚಾಗಿ ಇಟ್ಟುಕೊಳ್ಳುತ್ತದೆ. ಆ ಹೊದಿಕೆಯೇ ಉಮಿ. ಕೆಲವರು ಹೊಟ್ಟು ಅಂತಾರೆ. ದನ ಹುಲ್ಲು ತಿನ್ನುತ್ತೆ, ತೌಡು ತಿನ್ನುತ್ತೆ. ಬರೀ ಉಮಿ ಹಾಕಿ ನೋಡಿ, ಮೂತಿ ತಿರುಗಿಸುತ್ತೆ.

ಉಮಿಗೆ ಬೆಂಕಿ ಹಾಕಿದರೆ ಸುಡುವುದೆಲ್ಲ ಸುಟ್ಟು ಹೋಗುತ್ತದೆ. ಸಿಲಿಕಾ ಸುಡುವುದಿಲ್ಲ. ಬೂದಿಯಾಗಿ ಉಳಿಯುತ್ತದೆ. ಚೆನ್ನಾಗಿ ಸುಟ್ಟ ಉಮಿ ಬೂದಿ 100 ಪಾಲು ಇದ್ದರೆ ಅದರಲ್ಲಿ 85ರಿಂದ 90 ಪಾಲು ಸಿಲಿಕಾನೇ ಇರುತ್ತೆ. ಉಮಿ ಬೂದಿಯಲ್ಲಿ ಪಾತ್ರೆ ಉಜ್ಜಿದರೆ ಮಸಿ ಬಿಡುವುದು ಈ ಗರಸಿನಿಂದ.

ಈ ಬೂದಿಯನ್ನು ಸಿಮೆಂಟಿನ ಜೊತೆ ಸೇರಿಸಿ ಕಾಂಕ್ರೀಟ್ ಮಾಡಬಹುದು. ಆದರೆ ಎಲ್ಲ ಬೂದಿಯೂ ಆಗುವುದಿಲ್ಲ. ಎಲ್ಲ ಕಡೆಗೂ ಆಗುವುದಿಲ್ಲ. ಯಾವುದು ಆಗುತ್ತೆ, ಎಲ್ಲಿ ಆಗುತ್ತೆ? ಓದೋಣ.

ಬೂದಿ ಎಷ್ಟು ಸಿಗುತ್ತೆ?

ನಮ್ಮದು ನೀರಿನ ಸೀಮೆ. ನಂಜನಗೂಡಿನ ಪಕ್ಕದಲ್ಲೇ ಕಪಿಲೆ ಹರಿಯುತ್ತಾಳೆ. ಅವಳನ್ನೇ ಕಬಿನಿ ಅಂತಲೂ ಕರೀತೀವಿ. ತಿ. ನರಸೀಪುರದಲ್ಲಿ ಅವಳು ಕಾವೇರಿಯನ್ನು ಸೇರುತ್ತಾಳೆ. 1974ರಲ್ಲಿ ಕಬಿನಿ ಅಣೆಕಟ್ಟು ಮುಗಿಯಿತು. ನಾಲೆ ನೀರು ಇನ್ನಷ್ಟು ಊರುಗಳಿಗೆ ಬಂತು. ನೀರು ಬಂದ ಕಡೆ ಭತ್ತ ಬಂತು, ಕಬ್ಬು ಬಂತು. ಭತ್ತ ಬಂದ ಕಡೆ ಅಕ್ಕಿ ಮಿಲ್ಲು ಬಂತು.

ಈಗ ಒಂದು ಲೆಕ್ಕ ಮಾಡೋಣ. 100 ಕೆ.ಜಿ. ಭತ್ತ ಮಿಲ್ಲಿಗೆ ಹಾಕಿದರೆ ಸುಮಾರು 20 ಕೆ.ಜಿ. ಉಮಿ ಬರುತ್ತದೆ. ಆ 20 ಕೆ.ಜಿ. ಉಮಿ ಸುಟ್ಟರೆ ಸುಮಾರು 4 ಕೆ.ಜಿ. ಬೂದಿ ಉಳಿಯುತ್ತದೆ. ಒಂದು ಮಿಲ್ಲು ದಿನಕ್ಕೆ 100 ಕ್ವಿಂಟಾಲ್ ಭತ್ತ ಮಾಡಿತು ಅನ್ನಿ. ಉಮಿ 20 ಕ್ವಿಂಟಾಲ್. ಅಷ್ಟನ್ನೂ ಸುಟ್ಟರೆ ಬೂದಿ 4 ಕ್ವಿಂಟಾಲ್, ಅಂದರೆ 400 ಕೆ.ಜಿ. ಸಿಮೆಂಟ್ ಮೂಟೆ ಒಂದಕ್ಕೆ 50 ಕೆ.ಜಿ. ಹಾಗಾದರೆ ಒಂದೇ ದಿನಕ್ಕೆ 8 ಮೂಟೆ ತೂಕದ ಬೂದಿ!

ಉಮಿ ದಂಡ ಆಗುವುದಿಲ್ಲ. ಭತ್ತ ಬೇಯಿಸುವ ಒಲೆಗೆ, ಇಟ್ಟಿಗೆ ಗೂಡಿಗೆ ಅದೇ ಸೌದೆ. ಅದು ಉರಿದ ಮೇಲೆ ಉಳಿಯುವ ಬೂದಿಯೇ ತೊಂದರೆ. ಹಳ್ಳಕ್ಕೆ ಸುರಿದರೆ ಹಳ್ಳ ತುಂಬುತ್ತೆ. ರಸ್ತೆ ಬದಿ ಸುರಿದರೆ ಗಾಳಿಗೆ ಹಾರಿ ಕಣ್ಣಿಗೆ ಬೀಳುತ್ತೆ.

ಕಬ್ಬಿನದೂ ಇದೇ ಕಥೆ. ಆಲೆಮನೆಯಲ್ಲಿ ರಚ್ಚು ಉರಿಸುತ್ತಾರೆ. ನಂಜನಗೂಡು ತಾಲ್ಲೂಕಿನ ಅಳಗಂಚಿಯಲ್ಲಿ ಬಣ್ಣಾರಿ ಅಮ್ಮನ್ ಸಕ್ಕರೆ ಕಾರ್ಖಾನೆ ಇದೆ. ಅಲ್ಲಿ ರಚ್ಚು ಉರಿಸಿ ಕರೆಂಟನ್ನೂ ಮಾಡುತ್ತಾರೆ. ರಚ್ಚಿನ ಬೂದಿಯಲ್ಲೂ ಸಿಲಿಕಾ ಇದೆ. ಆದರೆ ಉಮಿ ಬೂದಿಯಷ್ಟು ಇಲ್ಲ. ಮಣ್ಣು, ಅರೆಸುಟ್ಟ ಕರಿ ಬೆರೆತಿರುವುದು ಹೆಚ್ಚು. ಹಾಗಾಗಿ ಇಲ್ಲಿ ಉಮಿಯ ಮಾತನ್ನೇ ಆಡೋಣ.

ಮೇಸ್ತ್ರಿಯ ಮಾತು

ನಮ್ಮ ಕಲಿಕಾ ಕೇಂದ್ರಕ್ಕೆ ಬರುವ ಅಕ್ಕ ಒಬ್ಬರು ಮನೆ ಕಟ್ಟಿಸುತ್ತಿದ್ದರು. ಸಂಘದಲ್ಲಿ ಸಾಲ ಎತ್ತಿದ್ದರು. ಓಲೆಯನ್ನೂ ಅಡವಿಟ್ಟಿದ್ದರು. ಒಂದು ರಾತ್ರಿ ಪಾಠ ಮುಗಿದ ಮೇಲೆ ಕೇಳಿದರು.

“ಮೇಡಂ, ತಾರಸಿ ಹಾಕಕ್ಕೆ 40 ಮೂಟೆ ಸಿಮೆಂಟ್ ಬೇಕು ಅಂದಿದ್ರು. ಈಗ ಮೇಸ್ತ್ರಿ 30 ಸಾಕು ಅಂತವ್ರೆ. ಮಿಕ್ಕಿದ್ದಕ್ಕೆ ಮಿಲ್ ಬೂದಿ ಹಾಕ್ತೀನಿ ಕಣಕ್ಕ, ಗಟ್ಟಿ ಆಯ್ತದೆ ಅಂದ್ರು. ಹಾಕಿಸ್ಲಾ, ಬ್ಯಾಡ್ವಾ?”

ಪಕ್ಕದಲ್ಲಿದ್ದ ಅಜ್ಜಿ ತಟ್ಟನೆ ಹೇಳಿದರು: “ಬೂದಿ ಹಾಕಿದ್ ಮನೆ ಬೂದಿನೇ ಆಯ್ತದೆ ಕನವ್ವ.”

ಎಲ್ಲರೂ ನಕ್ಕರು. ಅಕ್ಕ ನಗಲಿಲ್ಲ. ಹತ್ತು ಮೂಟೆಯ ದುಡ್ಡು ಅಂದರೆ ಅವರಿಗೆ ಎಷ್ಟೋ ದಿನದ ಕೂಲಿ. ತಾರಸಿ ಅಂದರೆ ಮಕ್ಕಳು ಮಲಗುವ ತಲೆಯ ಮೇಲಿನ ಸೂರು. ಎರಡೂ ಸಣ್ಣ ಮಾತಲ್ಲ.

ಮೇಸ್ತ್ರಿ ಹೇಳಿದ್ದರಲ್ಲಿ ಅರ್ಧ ನಿಜ ಇತ್ತು. ಅಜ್ಜಿ ಹೇಳಿದ್ದರಲ್ಲೂ ಅರ್ಧ ನಿಜ ಇತ್ತು. ಆ ಎರಡು ಅರ್ಧವನ್ನೂ ಬಿಡಿಸಿ ನೋಡಬೇಕು.

ಎಲೆ, ಅಡಿಕೆ, ಸುಣ್ಣ

ಎಲೆ ಹಸಿರು. ಅಡಿಕೆ ಕಂದು. ಸುಣ್ಣ ಬಿಳಿ. ಮೂರನ್ನೂ ಸೇರಿಸಿ ಅಗಿದರೆ ಬಾಯಿ ಕೆಂಪು. ಆ ಕೆಂಪು ಮೊದಲು ಎಲ್ಲಿತ್ತು? ಎಲ್ಲೂ ಇರಲಿಲ್ಲ. ಸೇರಿದ ಮೇಲೆ ಹುಟ್ಟಿತು.

ಕಾಂಕ್ರೀಟಿನಲ್ಲೂ ಹೀಗೆ ಹೊಸದು ಹುಟ್ಟುತ್ತದೆ. ಸಿಮೆಂಟಿಗೆ ನೀರು ಬಿದ್ದಾಗ ಅದು ಅಂಟಾಗುತ್ತದೆ. ಆ ಅಂಟು ಮರಳನ್ನೂ ಜಲ್ಲಿಯನ್ನೂ ಹಿಡಿದು ಕಲ್ಲಾಗುತ್ತದೆ. ಹೀಗೆ ಆಗುವಾಗ ಒಂದಿಷ್ಟು ಸುಣ್ಣವೂ ಹೊರಗೆ ಬರುತ್ತದೆ. ಈ ಸುಣ್ಣಕ್ಕೆ ಅಲ್ಲಿ ಹೆಚ್ಚು ಕೆಲಸವಿಲ್ಲ. ಗಟ್ಟಿತನಕ್ಕೆ ಅದು ಅಷ್ಟಾಗಿ ನೆರವಾಗುವುದಿಲ್ಲ. ನೀರು ಜಿನುಗಿದರೆ ಮೆಲ್ಲಗೆ ಕರಗಿಯೂ ಹೋಗುತ್ತದೆ. ಹಳೇ ತಾರಸಿಯ ಅಡಿಯಲ್ಲಿ ಬಿಳಿ ಕಲೆ ನೋಡಿದ್ದೀರಲ್ಲ, ಎಷ್ಟೋ ಕಡೆ ಅದು ಹೀಗೆ ಬಂದ ಸುಣ್ಣ.

ನುಣ್ಣಗೆ ಪುಡಿ ಮಾಡಿದ ಉಮಿ ಬೂದಿ ಸೇರಿಸಿದರೆ ಅದರ ಸಿಲಿಕಾ ಈ ಸುಣ್ಣವನ್ನು ಹಿಡಿಯುತ್ತದೆ. ಎರಡೂ ಸೇರಿ ಮತ್ತೆ ಅಂಟಾಗುತ್ತವೆ. ಸಣ್ಣ ಸಣ್ಣ ತೂತು ಮುಚ್ಚುತ್ತವೆ. ಕಾಂಕ್ರೀಟ್ ಗಟ್ಟಿಯಾಗುತ್ತದೆ, ನೀರು ಜಿನುಗುವುದು ಕಮ್ಮಿಯಾಗುತ್ತದೆ. ಮೇಸ್ತ್ರಿಯ ಮಾತಿನ ನಿಜ ಇದು.

ಬೂದಿ ತಾನೇ ಸಿಮೆಂಟ್ ಅಲ್ಲ. ಬರೀ ಬೂದಿಗೆ ನೀರು ಕಲಸಿಟ್ಟರೆ ಕೆಸರು, ಒಣಗಿದರೆ ಮತ್ತೆ ಬೂದಿ. ಸುಣ್ಣ ಇದ್ದರೆ ಮಾತ್ರ ಅದಕ್ಕೆ ಕೆಲಸ. ಸಿಮೆಂಟಿನಿಂದ ಹೊರಬರುವ ಸುಣ್ಣಕ್ಕೂ ಒಂದು ಮಿತಿ ಇದೆ. ಅದಕ್ಕಿಂತ ಹೆಚ್ಚು ಬೂದಿ ಸುರಿದರೆ ಸುಣ್ಣ ಸಿಗದ ಬೂದಿ ಸುಮ್ಮನೆ ಧೂಳಾಗಿ ಕೂರುತ್ತೆ. ಅಜ್ಜಿಯ ಮಾತಿನ ನಿಜ ಇದು. ಸಾಮಾನ್ಯವಾಗಿ 100 ಕೆ.ಜಿ. ಸಿಮೆಂಟಿನ ಜಾಗದಲ್ಲಿ 10 ಕೆ.ಜಿ., ಹೆಚ್ಚೆಂದರೆ 15 ಕೆ.ಜಿ. ಬೂದಿ ಹಾಕುವುದು ವಾಡಿಕೆ. ಮೇಸ್ತ್ರಿ ಹೇಳಿದ್ದು 40ಕ್ಕೆ 10. ಅಂದರೆ 100ಕ್ಕೆ 25. ಅದೂ ಹೇಗೆ ಸುಟ್ಟಿದ್ದೋ ಗೊತ್ತಿಲ್ಲದ ಬೂದಿ.

ಸುಡುವುದಕ್ಕೂ ಹದ ಇದೆ

ಆಲೆಮನೆಯಲ್ಲಿ ಪಾಕ ಹದ ಮೀರಿದರೆ ಬೆಲ್ಲ ಕೆಡುತ್ತೆ. ಹದಕ್ಕೆ ಬರದಿದ್ದರೆ ಅಚ್ಚು ಕಟ್ಟುವುದಿಲ್ಲ. ಉಮಿ ಸುಡುವುದೂ ಹಾಗೇ.

ಕಾವು ಸಾಲದಿದ್ದರೆ ಬೂದಿ ಕಪ್ಪಾಗಿ ಉಳಿಯುತ್ತದೆ. ಅದು ಅರ್ಧ ಇದ್ದಿಲು. ಇದ್ದಿಲು ನೀರು ಕುಡಿಯುತ್ತೆ, ಗಾರೆಯ ಹದ ಕೆಡಿಸುತ್ತೆ. ಕಾವು ಮಿತಿ ಮೀರಿ ತುಂಬಾ ಹೊತ್ತು ಉರಿದರೆ ಸಿಲಿಕಾ ಹರಳುಗಟ್ಟುತ್ತದೆ. ಹರಳಾದ ಸಿಲಿಕಾ ಸುಣ್ಣದ ಜೊತೆ ಸೇರುವುದಿಲ್ಲ. ಅದು ಮರಳಿದ್ದ ಹಾಗೆ. ಸುಮಾರು 700 ಡಿಗ್ರಿ ಒಳಗೆ, ಗಾಳಿ ಚೆನ್ನಾಗಿ ಆಡುವ ಹಾಗೆ ಸುಟ್ಟರೆ ಒಳ್ಳೆಯ ಬೂದಿ ಬರುತ್ತೆ. 700 ಡಿಗ್ರಿ ಅಂದರೆ ಕಬ್ಬಿಣ ಮಂಕಾಗಿ ಕೆಂಪೇರುವ ಕಾವು. ಒಳ್ಳೆಯ ಬೂದಿಯ ಬಣ್ಣ ಬೂದು ಅಥವಾ ಬಿಳಿ ಬೂದು. ಆಮೇಲೆ ಅದನ್ನು ಯಂತ್ರದಲ್ಲಿ ಸಿಮೆಂಟಿನಷ್ಟೇ ನುಣ್ಣಗೆ ಅರೆಯಬೇಕು. ಜರಡಿ ಹಿಡಿದರೆ ಸಾಲದು.

ಮಿಲ್ಲಿನ ಒಲೆಯಲ್ಲಿ ಬೇಕಿರುವುದು ಹಬೆ. ಬೂದಿಯ ಹದವನ್ನು ಅಲ್ಲಿ ಯಾರು ನೋಡುತ್ತಾರೆ? ಇವತ್ತು ಕಪ್ಪು, ನಾಳೆ ಬಿಳಿ. ಬಣ್ಣ ನೋಡಿ ಕೆಟ್ಟದ್ದನ್ನು ಬಿಡಬಹುದು. ಒಳ್ಳೆಯದು ಅಂತ ಹೇಳಬೇಕಾದರೆ ಪರೀಕ್ಷೆ ಆಗಬೇಕು. ನಿಮ್ಮ ಅಡುಗೆ ಒಲೆಯ ಸೌದೆ ಬೂದಿಯಂತೂ ಬೇಡವೇ ಬೇಡ. ಅದರಲ್ಲಿ ಸಿಲಿಕಾ ಕಮ್ಮಿ, ಖಾರ ಹೆಚ್ಚು. ಅದು ತಿಪ್ಪೆಗೆ, ತೆಂಗಿನ ಬುಡಕ್ಕೆ ಒಳ್ಳೆಯದು.

ಇದು ಹೊಸದೇನಲ್ಲ

ನಂಜನಗೂಡಿನಲ್ಲಿ ಕಪಿಲೆಗೆ ಒಂದು ಹಳೇ ಸೇತುವೆ ಇದೆ. ದಳವಾಯಿ ದೇವರಾಜಯ್ಯನವರ ಕಾಲದ್ದು. 1735ರಲ್ಲಿ ಕಟ್ಟಿದ್ದು. ಆಮೇಲೆ ಅದರ ಮೇಲೆ ರೈಲೂ ಓಡಿತು. ಈಗಿನ ರೀತಿಯ ಸಿಮೆಂಟಿಗೆ ಇಂಗ್ಲೆಂಡಿನಲ್ಲಿ ಹಕ್ಕುಪತ್ರ ಸಿಕ್ಕಿದ್ದು 1824ರಲ್ಲಿ. ಅಂದರೆ ನಮ್ಮ ಸೇತುವೆ ಸಿಮೆಂಟಿಗಿಂತ 89 ವರ್ಷ ದೊಡ್ಡದು! ಆಗೆಲ್ಲ ಇದ್ದದ್ದು ಸುಣ್ಣದ ಗಾರೆ.

ಕನ್ನಂಬಾಡಿ ಕಟ್ಟೆಯ ಕೆಲಸ ಶುರುವಾಗಿದ್ದು 1911ರಲ್ಲಿ. ಅದರ ಕಲ್ಲುಗಳನ್ನು ಹಿಡಿದಿರುವುದು ಸುರಕಿ ಗಾರೆ. ಸುರಕಿ ಅಂದರೆ ಸುಟ್ಟ ಇಟ್ಟಿಗೆಯ ಪುಡಿ. ಸುಣ್ಣಕ್ಕೆ ಸುರಕಿ ಸೇರಿಸಿ ಅರೆದು ಗಾರೆ ಮಾಡುತ್ತಿದ್ದರು. ಸುಟ್ಟ ಮಣ್ಣಿನಲ್ಲಿರುವ ಸಿಲಿಕಾ ಸುಣ್ಣವನ್ನು ಹಿಡಿಯುತ್ತೆ. ನೋಡಿ, ಉಮಿ ಬೂದಿ ಮಾಡುವ ಕೆಲಸವೇ ಅದು. ದೂರದ ಇಟಲಿ ದೇಶದಲ್ಲಿ ಸುಮಾರು 2000 ವರ್ಷದ ಹಿಂದೆ ಬೆಂಕಿಬೆಟ್ಟದ ಬೂದಿಯನ್ನು ಸುಣ್ಣಕ್ಕೆ ಬೆರೆಸಿ ಕಟ್ಟಿದರು. ಆ ಕಟ್ಟಡಗಳು ಇನ್ನೂ ಕೆಲವು ನಿಂತಿವೆ.

ಉಮಿ ಬೂದಿಯ ಬಗ್ಗೆ 1970ರ ದಶಕದಲ್ಲಿ ಹೆಚ್ಚು ಕೆಲಸ ನಡೆಯಿತು. ಅಮೆರಿಕದಲ್ಲಿದ್ದ ಭಾರತದ ಪ್ರೊಫೆಸರ್ ಪಿ. ಕುಮಾರ್ ಮೆಹ್ತಾ ಇದರಲ್ಲಿ ಮುಂದಾಳು. ಈಗ ನಮ್ಮ ದೇಶದ ಕಾಂಕ್ರೀಟ್ ನಿಯಮದ ಪುಸ್ತಕವೂ, ಅಂದರೆ ಐ.ಎಸ್. 456, 2000ನೇ ಇಸವಿಯದು, ಉಮಿ ಬೂದಿಯನ್ನು ಒಪ್ಪುತ್ತದೆ. ಆದರೆ ಒಂದು ಕಟ್ಟುಪಾಡು ಹಾಕಿದೆ. ಬೂದಿಯ ಗುಣ ಸರಿ ಇರಬೇಕು, ಒಂದೇ ಸಮ ಇರಬೇಕು, ಕೆಲಸದ ಹೊಣೆ ಹೊತ್ತ ಎಂಜಿನಿಯರ್ ಒಪ್ಪಬೇಕು.

ಮೂಟೆಯ ಮೇಲೆ ಏನು ಬರೆದಿದೆ?

ಇದನ್ನು ಗಮನವಿಟ್ಟು ಓದಿ. ಬಹಳ ಜನಕ್ಕೆ ಇದು ಗೊತ್ತಿಲ್ಲ.

ಅಂಗಡಿಯಲ್ಲಿ ಸಿಗುವ ಎಷ್ಟೋ ಸಿಮೆಂಟಿನಲ್ಲಿ ಆಗಲೇ ಬೂದಿ ಇರುತ್ತದೆ! ಅದು ಉಮಿ ಬೂದಿ ಅಲ್ಲ, ಕಲ್ಲಿದ್ದಲ ಬೂದಿ. ರಾಯಚೂರಿನ ಶಕ್ತಿನಗರದಂಥ ಕಡೆ ಕಲ್ಲಿದ್ದಲು ಉರಿಸಿ ಕರೆಂಟ್ ಮಾಡುತ್ತಾರೆ. ಅಲ್ಲಿ ಹಾರುವ ಸಣ್ಣ ಬೂದಿಯನ್ನು ಹಿಡಿದು ಸಿಮೆಂಟ್ ಕಾರ್ಖಾನೆಗೆ ಕೊಡುತ್ತಾರೆ. ಕಾರ್ಖಾನೆಯವರು ಅಳೆದು, ಪರೀಕ್ಷೆ ಮಾಡಿ ಸೇರಿಸುತ್ತಾರೆ. ಇಂಥ ಸಿಮೆಂಟಿಗೆ ಪಿ.ಪಿ.ಸಿ. ಅಂತ ಹೆಸರು. ಅದರಲ್ಲಿ 100ಕ್ಕೆ 15ರಿಂದ 35 ಪಾಲು ಬೂದಿ ಇರಬಹುದು. ಇದು ಮೋಸ ಅಲ್ಲ. ನಿಯಮದ ಪ್ರಕಾರವೇ ಮಾಡಿದ್ದು. ಒಳ್ಳೆಯ ಸಿಮೆಂಟೇ. ಬೂದಿ ಸೇರಿಸದ ಸಿಮೆಂಟಿಗೆ ಓ.ಪಿ.ಸಿ. ಅಂತಾರೆ.

ಈಗ ಯೋಚನೆ ಮಾಡಿ. ಮೂಟೆಯಲ್ಲಿ ಆಗಲೇ 100ಕ್ಕೆ 30 ಪಾಲು ಬೂದಿ ಇದೆ. ಮೇಸ್ತ್ರಿ ಮೇಲೆ ಮತ್ತೆ 25 ಪಾಲು ಹಾಕಿದರೆ ನಿಜವಾದ ಸಿಮೆಂಟ್ ಎಷ್ಟು ಉಳಿಯಿತು? 100ರಲ್ಲಿ 53 ಪಾಲೂ ಇಲ್ಲ. ಆ ತಾರಸಿಯ ಕೆಳಗೆ ನಾನಂತೂ ಮಲಗುವುದಿಲ್ಲ.

ಅಕ್ಕ ಮಾರನೇ ದಿನ ಮೂಟೆ ನೋಡಿ ಬಂದರು. ಪಿ.ಪಿ.ಸಿ. ಅಂತಿತ್ತು. ಇಂಗ್ಲಿಷ್ ಅಕ್ಷರ ಬಾರದಿದ್ದರೂ, ಶಾಲೆಗೆ ಹೋಗುವ ಮಗನಿಂದ ಬರೆಸಿಕೊಂಡ ಚೀಟಿಯನ್ನು ಮೂಟೆಗೆ ಹಿಡಿದು ಹೋಲಿಸಿ ನೋಡಿದ್ದರು. ಮೇಸ್ತ್ರಿಗೆ ಹೇಳಿದರು: “ಅಣ್ಣ, ಇದ್ರಲ್ಲಿ ಆಗ್ಲೇ ಬೂದಿ ಐತಂತೆ. ತಾರಸಿಗೆ ನೀವು ಇನ್ನೊಂದ್ ಹಿಡಿನೂ ಹಾಕ್ಬ್ಯಾಡಿ.” ಮೇಸ್ತ್ರಿ ಮೊದಲು ಮುನಿಸಿಕೊಂಡರಂತೆ. ಆಮೇಲೆ ತಾವೂ ಮೂಟೆ ಓದಿದರಂತೆ. 40 ಮೂಟೆಯಲ್ಲೇ ತಾರಸಿ ಆಯಿತು.

ಮೂಟೆಯ ಮೇಲೆ ಇನ್ನೂ ಇದೆ. ಯಾವ ವರ್ಷ, ಎಷ್ಟನೇ ವಾರ ತಯಾರಾಯಿತು ಎಂದು ಅಂಕಿಯಲ್ಲಿ ಬರೆದಿರುತ್ತಾರೆ. ವರ್ಷಕ್ಕೆ 52 ವಾರ. ಮೂರು ತಿಂಗಳು ದಾಟಿದ ಸಿಮೆಂಟ್ ಸತ್ವ ಕಳೆದುಕೊಳ್ಳುತ್ತಾ ಬರುತ್ತೆ. ಗಂಟು ಕಟ್ಟಿದ್ದರೆ ತಗೋಬೇಡಿ. ಬೆಲೆಯೂ ಬರೆದಿರುತ್ತೆ. ಅಂಕಿ ಓದಲು ನಿಮಗೆ ಈಗ ಬರುತ್ತೆ. ಅಂಗಡಿಯವರ ಮುಂದೆಯೇ ಓದಿ.

ಎಲ್ಲಿ ಹಾಕಬಹುದು?

ತಾರಸಿ, ಕಂಬ, ತೊಲೆ, ಬಾಗಿಲ ಮೇಲಿನ ಲಿಂಟಲ್, ನೀರಿನ ತೊಟ್ಟಿ, ಸಜ್ಜೆ. ಇವು ಭಾರ ಹೊರುವಂಥವು, ಜೀವಕ್ಕೆ ಕುತ್ತು ತರುವಂಥವು. ಎಂಜಿನಿಯರ್ ಒಪ್ಪಿ ಬರೆದುಕೊಡದೆ ಇವಕ್ಕೆ ಮಿಲ್ಲಿನ ಬೂದಿ ಬೇಡ.

ಕೊಟ್ಟಿಗೆಯ ನೆಲ, ಹಿತ್ತಲ ಚರಂಡಿ, ಬಟ್ಟೆ ಒಗೆಯುವ ಕಟ್ಟೆ, ಕಾಂಪೌಂಡಿನ ಬ್ಲಾಕು. ಇಂಥ ಕಡೆ ಓ.ಪಿ.ಸಿ. ಸಿಮೆಂಟ್ ತಂದು, ನುಣ್ಣಗೆ ಅರೆದ ಬೂದು ಬಣ್ಣದ ಬೂದಿಯನ್ನು 100ಕ್ಕೆ 10ರಂತೆ ಹಾಕಿ ನೋಡಬಹುದು. ಬಿರುಕು ಬಿಟ್ಟರೂ ಯಾರ ತಲೆಯ ಮೇಲೂ ಬೀಳುವುದಿಲ್ಲ.

ಅಳೆಯುವಾಗ ಬಾಂಡ್ಲಿ ಲೆಕ್ಕ ಬೇಡ. ಬೂದಿ ಹಗುರ. ಒಂದು ಬಾಂಡ್ಲಿ ಬೂದಿಯ ತೂಕ ಒಂದು ಬಾಂಡ್ಲಿ ಸಿಮೆಂಟಿನ ಅರ್ಧದಷ್ಟು ಇದ್ದರೆ ಹೆಚ್ಚು. ತಕ್ಕಡಿಯಲ್ಲಿ ತೂಗಿ. ಒಣಗಿರುವಾಗಲೇ ಸಿಮೆಂಟ್, ಬೂದಿ ಎರಡನ್ನೂ ಒಂದೇ ಬಣ್ಣ ಬರುವ ತನಕ ಕಲಸಿ. ಆಮೇಲೆ ಮರಳು, ಜಲ್ಲಿ, ನೀರು. ಬೂದಿ ನೀರು ಎಳೆಯುತ್ತೆ, ಕಲಸು ಗಟ್ಟಿ ಅನ್ನಿಸುತ್ತೆ. ಆಗ ಕೆಲಸದವರು ಬಿಂದಿಗೆಗಟ್ಟಲೆ ನೀರು ಸುರಿಯುತ್ತಾರೆ. ಬಿಡಬೇಡಿ. ನೀರು ಹೆಚ್ಚಾದಷ್ಟೂ ಕಾಂಕ್ರೀಟ್ ಬಲ ಕಮ್ಮಿ.

ಇದರಲ್ಲಿ ಉಳಿಯುವ ದುಡ್ಡು ಎಷ್ಟು? ಹತ್ತು ಮೂಟೆ ಬೇಕಾದ ಕಡೆ ಒಂದು ಮೂಟೆ. ಅದರಲ್ಲಿ ಬೂದಿ ತರುವ ಗಾಡಿ ಬಾಡಿಗೆ, ಅರೆಯುವ ಕೂಲಿ ಕಳೆಯಿರಿ. ಒಂದು ಮನೆಗೆ ಉಳಿಯುವುದು ಬಹಳ ಕಮ್ಮಿ. ನನಗೆ ಅನ್ನಿಸುವುದು, ಇದು ಒಬ್ಬೊಬ್ಬರು ಮಾಡುವ ಕೆಲಸವಲ್ಲ. ಬ್ಲಾಕು ಮಾಡುವವರು, ಮಿಲ್ಲಿನವರು, ಸಂಘದವರು ಕೂಡಿದರೆ ಅರ್ಥ ಉಂಟು. ಲಾಭ ಇನ್ನೊಂದು ಕಡೆಯೂ ಇದೆ. ಸಿಮೆಂಟ್ ಮಾಡಲು ಕಲಬುರಗಿ ಸೀಮೆಯಂಥ ಕಡೆ ಸುಣ್ಣದ ಕಲ್ಲು ಅಗೆದು, ಸುಮಾರು 1450 ಡಿಗ್ರಿ ಕಾವಿನಲ್ಲಿ ಸುಡಬೇಕು. ಅದಕ್ಕೆ ಎಷ್ಟೋ ಕಲ್ಲಿದ್ದಲು ಬೇಕು, ಎಷ್ಟೋ ಹೊಗೆ. ಸಿಮೆಂಟ್ ಉಳಿದಷ್ಟೂ ಹೊಗೆ ಕಮ್ಮಿ.

ನೀರು ಹೊರುವವರು ಯಾರು?

ಕಾಂಕ್ರೀಟ್ ಹಾಕಿದ ಮೇಲೆ ಗಂಡಸರು ಕೈ ತೊಳೆದುಕೊಂಡು ಹೋಗುತ್ತಾರೆ. ಅದಕ್ಕೆ ದಿನಾ ನೀರು ಉಣಿಸುವುದು ನಮ್ಮ ಪಾಲಿಗೆ ಬರುತ್ತೆ. ಹಾಗಾಗಿ ಈ ಅಂಕಿ ನಮಗೇ ಬೇಕು. ಓ.ಪಿ.ಸಿ. ಕಾಂಕ್ರೀಟಿಗೆ ಕನಿಷ್ಠ 7 ದಿನ ನೀರು ಬೇಕು. ಬೂದಿ ಇರುವ ಕಾಂಕ್ರೀಟಿಗೆ, ಪಿ.ಪಿ.ಸಿ.ಯೂ ಸೇರಿದಂತೆ, ಕನಿಷ್ಠ 10 ದಿನ. ಬಿಸಿಲ ಕಾಲದಲ್ಲಿ 7 ಅನ್ನುವ ಕಡೆ 10, 10 ಅನ್ನುವ ಕಡೆ 14. ಬೂದಿ ನಿಧಾನವಾಗಿ ಕೆಲಸ ಮಾಡುತ್ತೆ. ನಡುವೆ ಒಣಗಲು ಬಿಟ್ಟರೆ ಕೆಲಸ ಅಲ್ಲಿಗೇ ನಿಲ್ಲುತ್ತೆ. ತಾರಸಿ, ನೆಲದ ಮೇಲೆ ಮಣ್ಣಿನ ಬದು ಕಟ್ಟಿ ನೀರು ನಿಲ್ಲಿಸಿ. ಬ್ಲಾಕಿನ ಮೇಲೆ ಒದ್ದೆ ಗೋಣಿ ಹೊದಿಸಿ. ನೀರೂ ಉಳಿಯುತ್ತೆ, ಸೊಂಟವೂ ಉಳಿಯುತ್ತೆ.

ಧೂಳು

ಬೂದಿ ಗುಡಿಸುವವರು, ಜರಡಿ ಹಿಡಿಯುವವರು, ತುಂಬುವವರು ಹೆಚ್ಚಾಗಿ ಹೆಂಗಸರೇ. ಸಿಲಿಕಾ ಧೂಳು ಶ್ವಾಸದ ಜೊತೆ ಒಳಗೆ ಹೋದರೆ ಹೊರಗೆ ಬರುವುದಿಲ್ಲ. ಹೆಚ್ಚು ಕಾವಿನಲ್ಲಿ ಸುಟ್ಟು ಹರಳಾದ ಬೂದಿಯ ಧೂಳು ಇನ್ನೂ ಕೆಟ್ಟದ್ದು. ವರ್ಷಗಟ್ಟಲೆ ಕುಡಿದರೆ ಶ್ವಾಸಕೋಶ ಗಟ್ಟಿಯಾಗುತ್ತದೆ. ಈ ಕಾಯಿಲೆಗೆ ಸಿಲಿಕೋಸಿಸ್ ಎಂದು ಹೆಸರು. ಇದನ್ನು ಪೂರ್ತಿ ವಾಸಿ ಮಾಡುವ ಔಷಧ ಇಲ್ಲ. ಸೆರಗು ಕಟ್ಟಿಕೊಂಡರೆ ಸಾಲದು. ಮೂಗಿಗೆ ಬಿಗಿಯಾಗಿ ಕೂರುವ ಮಾಸ್ಕ್ ಕೇಳಿ. ಕೂಲಿ ಕೊಡುವವರೇ ಕೊಡಬೇಕು. ಬೂದಿಗೆ ಮೊದಲು ನೀರು ಚಿಮುಕಿಸಿ, ಆಮೇಲೆ ಗುಡಿಸಿ.

ಬೂದಿ ಗುಡ್ಡೆಯ ಹತ್ತಿರ ಮಕ್ಕಳನ್ನು ಬಿಡಬೇಡಿ. ಮೇಲೆ ತಣ್ಣಗೆ ಕಂಡರೂ ಒಳಗೆ ಕೆಂಡ ಇರುತ್ತೆ. ಕಾಲಿಟ್ಟರೆ ಮೊಣಕಾಲ ತನಕ ಹೂತು ಸುಡುತ್ತೆ. ಕಣ್ಣಿಗೆ ಬೂದಿ ಬಿದ್ದರೆ ಉಜ್ಜಬೇಡಿ, ತಣ್ಣೀರಿನಲ್ಲಿ ತೊಳೆಯಿರಿ. ಸಿಮೆಂಟ್ ಕಲಸು ಬರಿಗೈಲಿ ಮುಟ್ಟಬೇಡಿ, ಅದರ ಸುಣ್ಣ ಚರ್ಮ ತಿನ್ನುತ್ತೆ.

ನೀವೇ ಮಾಡಿ ನೋಡಿ

ಒಂದೇ ಅಳತೆಯ ಎರಡು ಚಿಕ್ಕ ಅಚ್ಚು ತಗೊಳ್ಳಿ. ಇಟ್ಟಿಗೆ ಅಚ್ಚಾದರೂ ಆದೀತು. ಒಂದರಲ್ಲಿ 1 ಕೆ.ಜಿ. ಓ.ಪಿ.ಸಿ. ಸಿಮೆಂಟ್, 3 ಕೆ.ಜಿ. ಮರಳು. ಇನ್ನೊಂದರಲ್ಲಿ 900 ಗ್ರಾಂ ಸಿಮೆಂಟ್, 100 ಗ್ರಾಂ ಬೂದಿ, 3 ಕೆ.ಜಿ. ಮರಳು. ಎರಡಕ್ಕೂ ಒಂದೇ ಅಳತೆಯ ನೀರು. ಅಚ್ಚಿನಿಂದ ಬಿಡಿಸಿದ ಮೇಲೆ 28 ದಿನ ನೀರಿನಲ್ಲಿ ಮುಳುಗಿಸಿಡಿ. ಮೇಲೆ ತಾರೀಕು ಬರೆಯಿರಿ. ಆಮೇಲೆ ಎರಡನ್ನೂ ಸುತ್ತಿಗೆಯಿಂದ ಒಂದೇ ಪೆಟ್ಟಿನಲ್ಲಿ ಹೊಡೆದು ನೋಡಿ. ಬೂದಿಯದು ಪುಡಿಪುಡಿಯಾದರೆ ಆ ಬೂದಿ ಬೇಡ. ಗಟ್ಟಿಯಾಗಿ ನಿಂತರೆ ಮುಂದಿನ ಪರೀಕ್ಷೆಗೆ ಕೊಡಬಹುದು. ಮೈಸೂರಿನ ಎಂಜಿನಿಯರಿಂಗ್ ಕಾಲೇಜುಗಳಲ್ಲಿ 15 ಸೆಂಟಿಮೀಟರ್ ಅಳತೆಯ ಕಾಂಕ್ರೀಟ್ ಘನವನ್ನು ಯಂತ್ರದಲ್ಲಿ ಒತ್ತಿ ಮುರಿದು ಬಲ ಅಳೆಯುತ್ತಾರೆ. ಸಂಘದವರು ಒಟ್ಟಾಗಿ ಹೋಗಿ ಕೇಳಿ.

ಲೆಕ್ಕ: ಒಂದು ಮನೆಯವರು ವರ್ಷಕ್ಕೆ 20 ಕ್ವಿಂಟಾಲ್ ಭತ್ತ ಮಿಲ್ಲಿಗೆ ಹಾಕಿಸುತ್ತಾರೆ. ಉಮಿ ಎಷ್ಟು ಬರುತ್ತೆ? ಬೂದಿ ಎಷ್ಟು ಕೆ.ಜಿ.? 100ಕ್ಕೆ 10ರಂತೆ ಹಾಕಿದರೆ ಆ ಬೂದಿ ಎಷ್ಟು ಮೂಟೆಯ ಕೆಲಸಕ್ಕೆ ಸಾಕು?

ಉತ್ತರ: ಉಮಿ 4 ಕ್ವಿಂಟಾಲ್. ಬೂದಿ 80 ಕೆ.ಜಿ. ಮೂಟೆಗೆ 5 ಕೆ.ಜಿ.ಯಂತೆ 16 ಮೂಟೆಯ ಕೆಲಸಕ್ಕೆ ಸಾಕು.